ಬ್ಯಾಂಕ್ ಕೆಲಸ ಬಿಟ್ಟರೆ ಹರ್ಬ್ಸ್ಟ್ ಆಗ್ತೀವಾ?

ಜರ್ಮನಿಯ ಕಲೋನ್‌ನಲ್ಲಿ ನನಗೆ ಬ್ಯಾಂಕ್ ಕೆಲಸ, ಇಲ್ಲಿನ ಕ್ರಿಸ್ಟೋಫ್ ಮರಿಯಾ ಹರ್ಬ್ಸ್ಟ್ ಕೂಡ ಮೊದಲು ಬ್ಯಾಂಕ್‌ನಲ್ಲಿದ್ದು ಆಮೇಲೆ ಕಾಮಿಡಿ ನಟ ಆದವರು, ಹಾಗಾದರೆ ನಾನು ಯಾವಾಗ ಬಿಡಲಿ ಅಂತ ಕೇಳಿದ್ದೀರಿ. ಇದೇ ಊರಿನಲ್ಲಿ ಇದೇ ಲೆಕ್ಕ ಹಾಕಿ ನಾನು ಕೆಲಸ ಬಿಟ್ಟಿದ್ದೆ. ನನ್ನದು ವಿಮಾ ಕಂಪನಿ, ಕ್ಲೇಮ್ ವಿಭಾಗ. ವಿಮಾ ಆಫೀಸಿನ ಕಥೆಯ ಜರ್ಮನ್ ಟಿವಿ ಕಾಮಿಡಿ ಸರಣಿ 'ಸ್ಟ್ರೋಂಬೆರ್ಗ್' ನೋಡಿದವರಿಗೆ ಈಗಲೇ ನಗು ಬಂದಿರುತ್ತದೆ. ಅದರಲ್ಲಿ ಹರ್ಬ್ಸ್ಟ್ ಮಾಡಿದ್ದೂ ಕ್ಲೇಮ್ ವಿಭಾಗದ ಬಾಸ್ ಪಾತ್ರವನ್ನೇ ಅಲ್ವಾ! ಊಟದ ಹೊತ್ತಿನಲ್ಲಿ ನಾನು ಅವರ ಹಾಗೆ ಮಾತಾಡಿದರೆ ಸಹೋದ್ಯೋಗಿಗಳು ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟಕ್ಕೇ ತಲೆ ತಿರುಗಿತ್ತು.

ತಪ್ಪಾದದ್ದು ನಟನೆಗೆ ಇಳಿದದ್ದರಲ್ಲಿ ಅಲ್ಲ, ರಾಜೀನಾಮೆ ಕೊಟ್ಟದ್ದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನಿಯಲ್ಲಿ ನಾವಾಗಿಯೇ ಕೆಲಸ ಬಿಟ್ಟರೆ, ಸರಿಯಾದ ಕಾರಣ ಇಲ್ಲದಿದ್ದರೆ, ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ಸಿಗುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು, ಉಳಿತಾಯ ಇದೆಯಲ್ಲ ಅಂದುಕೊಂಡೆ. ಬಾಡಿಗೆ ಅದನ್ನು ನುಂಗಿತು. ಗೋದಾಮಿನಲ್ಲಿ ಪಾಳಿ ಕೆಲಸಕ್ಕೆ ಸೇರಿದೆ. ಪಾಳಿ ಸಂಜೆ, ನಮ್ಮ ಹವ್ಯಾಸಿ ತಂಡದ ರಿಹರ್ಸಲ್ ಕೂಡ ಸಂಜೆ. ಆಫೀಸಿನಲ್ಲಿದ್ದಾಗ ಐದಕ್ಕೆಲ್ಲ ಎದ್ದು ಹೋಗುತ್ತಿದ್ದವನು, ನಾಟಕಕ್ಕಾಗಿ ಆಫೀಸು ಬಿಟ್ಟ ಮೇಲೆ ನಾಟಕಕ್ಕೇ ಹೋಗಲಾಗಲಿಲ್ಲ. ನನ್ನ ಪಾತ್ರ ಬೇರೆಯವರಿಗೆ ಹೋಯಿತು. ಅರ್ಧ ದಿನದ ಕೆಲಸ ಕೊಡಿ ಅಂತ ಕೇಳಿದ್ದರೆ ಸಾಕಿತ್ತು, ಬಾಸ್ ಒಳ್ಳೆಯವರು, ಒಪ್ಪುತ್ತಿದ್ದರೇನೋ. ಆದರೆ ಹಾಗೆ ಕೇಳುವವನು ಅರ್ಧ ಕಲಾವಿದ ಅನ್ನೋ ಹುಚ್ಚು ಜಂಬ ನನಗೆ.

ಹರ್ಬ್ಸ್ಟ್ ಕಥೆಯನ್ನೂ ನಾನು ನಿಮ್ಮ ಹಾಗೇ ತಪ್ಪು ಓದಿದ್ದೆ. ಬ್ಯಾಂಕ್ ಅದರಲ್ಲಿ ಒಂದು ಸಾಲು ಅಷ್ಟೇ. 1966ರಲ್ಲಿ ವುಪ್ಪರ್ಟಾಲ್‌ನಲ್ಲಿ ಹುಟ್ಟಿದವರು, ಬ್ಯಾಂಕ್ ತರಬೇತಿ ಮುಗಿಸಿದರು, ಆಮೇಲೆ ವರ್ಷಗಟ್ಟಲೆ ರಂಗಭೂಮಿ. ಹಾಸ್ಯನಟಿ ಆಂಕೆ ಎಂಗೆಲ್ಕೆ ಅವರ ಟಿವಿ ಕಾರ್ಯಕ್ರಮ 'ಲೇಡಿಕ್ರಾಖರ್'ನ ಸ್ಕೆಚ್‌ಗಳಲ್ಲಿ ಜನ ಅವರನ್ನು ಗುರುತಿಸಿದ್ದು 2002ರ ಹೊತ್ತಿಗೆ. 'ಸ್ಟ್ರೋಂಬೆರ್ಗ್' ಶುರುವಾದಾಗ, ಅಂದರೆ 2004ರಲ್ಲಿ, ಅವರಿಗೆ 38 ವರ್ಷ. ಅದೂ ಮೊದಲು ದೊಡ್ಡ ಹಿಟ್ ಏನಲ್ಲ, ನಿಧಾನವಾಗಿ ಅಭಿಮಾನಿಗಳು ಕಟ್ಟಿಕೊಂಡರು. ಅದನ್ನೇ ಸಿನಿಮಾ ಮಾಡಲು ದುಡ್ಡು ಬೇಕು ಅಂದಾಗ 2011ರಲ್ಲಿ ಅದೇ ಅಭಿಮಾನಿಗಳು ಸುಮಾರು ಒಂದು ವಾರದಲ್ಲಿ 10 ಲಕ್ಷ ಯೂರೋ ಹಾಕಿದರು. ಸಿನಿಮಾ ಬಂದದ್ದು 2014ರಲ್ಲಿ.

ಇನ್ನೊಂದು ಮಾತು, ಬೇಜಾರಾದರೂ ಹೇಳುತ್ತೇನೆ. ಅವರು ಆ ಬಾಸ್ ಪಾತ್ರದಲ್ಲಿ ನಗಿಸಲು ಹೋಗುವುದೇ ಇಲ್ಲ. ತಾನು ಒಳ್ಳೆಯ ಬಾಸ್ ಅಂತ ಆ ಮನುಷ್ಯ ಪೂರ್ತಿ ನಂಬಿದ್ದಾನೆ, ನಗು ನಮಗೆ ಬರುತ್ತದೆ. ನಾನು ಮಾಡುತ್ತಿದ್ದದ್ದು ಬರೀ ಮಿಮಿಕ್ರಿ. ಆಫೀಸಿನವರು ನಗುತ್ತಾರೆ ಅನ್ನೋದನ್ನು ಪ್ರತಿಭೆ ಅಂತ ಎಣಿಸಬೇಡಿ. ಅವರಿಗೆ ಆ ಹೊತ್ತಿನಲ್ಲಿ ಕೆಲಸ ತಪ್ಪಿದರೆ ಸಾಕು.

ಹಾಗಾಗಿ 'ಯಾವಾಗ ಬಿಡಲಿ' ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಡಿ. ಮೊದಲು ಜರ್ಮನ್‌ನಲ್ಲೇ ನಾಟಕ ಆಡುವ ಹವ್ಯಾಸಿ ತಂಡ ಸೇರಿ. ಸಮಯ ಸಾಲದೇ ಹೋದರೆ ಬ್ರ್ಯೂಕೆನ್‌ಟೈಲ್‌ಟ್ಸೈಟ್, ಅಂದರೆ ಸ್ವಲ್ಪ ಕಾಲದ ಮಟ್ಟಿಗೆ ಅರೆಕಾಲಿಕ ಕೆಲಸ, ಕೇಳಿ. 2019ರಿಂದ ಇದೆ, ಒಂದರಿಂದ ಐದು ವರ್ಷ ಕಡಿಮೆ ಗಂಟೆ ಕೆಲಸ ಮಾಡಿ ಮತ್ತೆ ಪೂರ್ತಿ ಕೆಲಸಕ್ಕೆ ಮರಳಬಹುದು. ಕಂಪನಿಯಲ್ಲಿ 45ಕ್ಕಿಂತ ಜಾಸ್ತಿ ಜನ ಇರಬೇಕು, ನೀವು ಅಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳು ದಾಟಿರಬೇಕು. ಅರ್ಜಿ ಮಾತ್ರ ಮೂರು ತಿಂಗಳು ಮೊದಲೇ ಕೊಡಬೇಕು, ಅದಕ್ಕೆ ಈಗಲೇ ಎಚ್‌ಆರ್ ಹತ್ತಿರ ಮಾತಾಡಿ.