ಗಾಳಿಯೇ ನಮ್ಮ ಘಾಟಿ: ಓದುಗರ ಸೈಕಲ್ ಪ್ರಶ್ನೆಗಳು

ಪ್ರಶ್ನೆ: ಸರ್, ದೀಪಾವಳಿಗೆ ರೋಡ್ ಸೈಕಲ್ ತಗೊಂಡೆ. ಬೆಂಗಳೂರಿನ ಗೆಳೆಯರು ಭಾನುವಾರ ಬಂದ್ರೆ ನಂದಿ ಬೆಟ್ಟ ಹತ್ತಿ ಫೋಟೊ ಹಾಕ್ತಾರೆ. ನಮ್ಮಲ್ಲಿ ಎತ್ತ ಹೋದ್ರೂ ಸಪಾಟು ಹೊಲ. ರಿಂಗ್ ರೋಡ್ ಸುತ್ತಿ ಸುತ್ತಿ ಸಾಕಾಗಿದೆ. ಎಲ್ಲಿಗೆ ಹೋಗಲಿ? (ಕಲಬುರಗಿ)

ಉತ್ತರ: ಮೊದಲು ರಿಂಗ್ ರೋಡ್ ಬಿಡಿ, ಅದು ಲಾರಿಗಳಿಗೆ ಮಾಡಿದ್ದು. ಊರು ದಾಟಿ ಅಫಜಲಪುರ ರಸ್ತೆ ಹಿಡಿಯಿರಿ. ಚೌಡಾಪುರದಲ್ಲಿ ತಿರುಗಿದರೆ ದೇವಲ ಗಾಣಗಾಪುರ. ಒಂದು ಕಡೆಗೆ ಸುಮಾರು 40 ಕಿ.ಮೀ. ಬೆಳಿಗ್ಗೆ ಐದೂವರೆಗೆ ಬಿಟ್ಟರೆ ಭೀಮಾ, ಅಮರ್ಜಾ ಕೂಡುವ ಸಂಗಮದಲ್ಲಿ ಮುಖ ತೊಳೆದು, ಚಹಾ ಕುಡಿದು, ಹತ್ತೂವರೆಯೊಳಗೆ ಮನೆ ಸೇರಬಹುದು. ಗುರುವಾರ, ಹುಣ್ಣಿಮೆ ಮಾತ್ರ ಬೇಡ. ಆ ದಿನ ದತ್ತನ ಭಕ್ತರ ಗಾಡಿಗಳೇ ರಸ್ತೆ ತುಂಬಾ.

ದಾರಿಯುದ್ದಕ್ಕೂ ಎರೆ ಹೊಲ. ಅಕ್ಟೋಬರ್, ನವೆಂಬರ್‌ನಲ್ಲಿ ತೊಗರಿ ಹಳದಿ ಹೂ ಬಿಟ್ಟಿರುತ್ತದೆ, ಸಂಕ್ರಾಂತಿ ಹೊತ್ತಿಗೆ ಬಿಳಿಜೋಳ ಎದೆಮಟ್ಟ ಬಂದು ತೆನೆ ಹಿಡಿದಿರುತ್ತದೆ, ನಡುನಡುವೆ ಕಡಲೆ, ಕುಸುಬೆ. ಅದೇ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಮೇಲಿನ ಡಾಂಬರನ್ನೂ ಅಲೆ ಅಲೆಯಾಗಿ ಎಬ್ಬಿಸಿ ಅಂಚನ್ನು ಒಡೆಯುತ್ತದೆ. ಹಾಗಾಗಿ ತೀರಾ ಅಂಚಿಗೆ ಹೋಗಬೇಡಿ, ಒಂದು ಮೊಳ ಒಳಗೇ ಇರಿ. ಮಳೆಯಾದ ಮರುದಿನ ಹೊಲದ ದಾರಿಗೆ ಇಳಿದಿರೋ, ಮಣ್ಣು ಟೈರಿಗೆ ಅಂಟಿ ಬ್ರೇಕಿನಲ್ಲಿ ಸಿಕ್ಕಿ ಚಕ್ರವೇ ತಿರುಗೋದಿಲ್ಲ. ನಾನೊಮ್ಮೆ ಹೆಗಲ ಮೇಲೆ ಸೈಕಲ್ ಹೊತ್ತು ಬಂದಿದ್ದೇನೆ, ನೋಡಿದವರು ನಕ್ಕರು.

ಸೇಡಂ ಕಡೆ ಮಳಖೇಡವೂ ಹೆಚ್ಚುಕಡಿಮೆ ಅಷ್ಟೇ ದೂರ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಕಾಗಿಣಾ ದಂಡೆಯ ಕೋಟೆ, ನೋಡಲೇಬೇಕು. ಆದರೆ ಅದು ಸಿಮೆಂಟ್ ಕಾರ್ಖಾನೆಗಳ ದಾರಿ, ಲಾರಿ ಜಾಸ್ತಿ. ಭಾನುವಾರ ನಸುಕಿನಲ್ಲಿ ಹೋಗಿಬಂದುಬಿಡಿ.

ಇಡೀ ದಿನ ಇದ್ದರೆ ಸನ್ನತಿ. ಶಹಾಬಾದ್, ವಾಡಿ ದಾಟುವವರೆಗೆ ಧೂಳು ತಿನ್ನಬೇಕು, ನಾಲವಾರ ಆದಮೇಲೆ ನಿರಾಳ. ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ನೋಡಿದರೆ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ! ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ‘ರಾಯೊ ಅಸೋಕೊ’ ಎಂದು ಹೆಸರು ಕೊರೆದ ಅವನ ಶಿಲ್ಪವೇ ಸಿಕ್ಕಿದೆ. ನಂದಿ ಬೆಟ್ಟದ ಗೆಳೆಯರಿಗೆ ಆ ಫೋಟೊ ಕಳಿಸಿ.

ಪ್ರಶ್ನೆ: ಹೋಗುವಾಗ ಗಂಟೆಗೆ 30 ಕಿ.ಮೀ. ವೇಗ ಸಿಗುತ್ತದೆ. ಬರುವಾಗ 18 ದಾಟುವುದಿಲ್ಲ. ರಸ್ತೆ ಅದೇ, ಏರು ಇಲ್ಲ. ನನ್ನ ಕಾಲಲ್ಲೇ ದಮ್ ಇಲ್ಲವೋ ಏನೋ? (ಆಳಂದ)

ಉತ್ತರ: ಕಾಲಿಗೆ ಏನೂ ಆಗಿಲ್ಲ ತಮ್ಮಾ, ಅದು ಗಾಳಿ. ಮರವಿಲ್ಲ, ಗುಡ್ಡವಿಲ್ಲ, ತಡೆಯೋರೇ ಇಲ್ಲ. ನಮಗೆ ಬೇರೆ ಘಾಟಿ ಯಾಕೆ ಬೇಕು?

ಲೆಕ್ಕ ನೋಡಿ. ನಿಂತ ಗಾಳಿಯಲ್ಲಿ 25ರಲ್ಲಿ ಹೊರಟಿದ್ದೀರಿ, ಮೈಗೆ ಬಡಿಯುವ ಗಾಳಿಯೂ 25. ಎದುರಿನಿಂದ 15 ಕಿ.ಮೀ. ಗಾಳಿ ಬೀಸಿದರೆ ಅದು 40 ಆಯಿತು. ಗಾಳಿಯ ತಡೆ ವೇಗದ ವರ್ಗದ ಪ್ರಕಾರ ಏರುತ್ತದೆ, ಅಂದರೆ ಸುಮಾರು ಎರಡೂವರೆ ಪಟ್ಟು. ಏರಿನಲ್ಲಾದರೆ ತುದಿ ಕಾಣುತ್ತದೆ, ಇಳಿಜಾರಿನ ಆಸೆ ಇರುತ್ತದೆ. ಇದಕ್ಕೆ ತುದಿ ಎಲ್ಲಿ?

ಅದಕ್ಕೇ ನಾನು ದೂರ ನೋಡಿ ದಾರಿ ಆರಿಸುವುದಿಲ್ಲ, ಗಾಳಿ ನೋಡಿ ಆರಿಸುತ್ತೇನೆ. ಆಷಾಢದ ಗಾಳಿ ಪಡುವಣದ್ದು. ಆಗ ಕಲಬುರಗಿಯಿಂದ ಗಾಣಗಾಪುರ ಸರಿ: ಹೋಗುವಾಗ ಮೈಯಲ್ಲಿ ಕಸುವಿರುತ್ತದೆ, ಎದುರು ಗಾಳಿಗೆ ಸೆಣಸಬಹುದು, ಬರುವಾಗ ಅದೇ ಗಾಳಿ ಬೆನ್ನು ನೂಕುತ್ತದೆ. ಚಳಿಗಾಲದಲ್ಲಿ ಉಲ್ಟಾ, ಗಾಳಿ ಹೆಚ್ಚಾಗಿ ಮೂಡಣದಿಂದ. ಆಗ ಅದೇ ದಾರಿಯಲ್ಲಿ ಹೋಗುವಾಗ ಹಾರಿಕೊಂಡು ಹೋಗಿ, ಬರುವಾಗ ಅಳುತ್ತಾ ಬರುತ್ತೀರಿ. ನಿಮಗೆ ಆಗಿದ್ದೂ ಅದೇ ಇರಬೇಕು. ನಸುಕಿನಲ್ಲಿ ಗಾಳಿ ಮಲಗಿರುತ್ತದೆ, ಬಿಸಿಲೇರಿದಂತೆ ಏಳುತ್ತದೆ. ಅರ್ಧ ಗಂಟೆ ಬೇಗ ಎದ್ದರೆ ಅರ್ಧ ಕಷ್ಟ ಕಡಿಮೆ.

ಎದುರು ಗಾಳಿಯಲ್ಲಿ ಮೀಟರ್ ನೋಡಲೇಬೇಡಿ. ಹಗುರ ಗೇರ್ ಹಾಕಿ, ಮೊಣಕೈ ಮಡಿಸಿ, ಹ್ಯಾಂಡಲ್‌ನ ಕೆಳಗೆ ಹಿಡಿದು ಬಗ್ಗಿ. ಜೊತೆಗಾರ ಇದ್ದರೆ ಒಬ್ಬರ ಬೆನ್ನಿಗೆ ಒಬ್ಬರು, ಎರಡೆರಡು ನಿಮಿಷಕ್ಕೆ ಪಾಳಿ ಬದಲಿಸಿ. ಜೇವರ್ಗಿ ಹೆದ್ದಾರಿಯಲ್ಲಿ ಮಾತ್ರ ಹುಷಾರು. ಅದು ತೆಂಕಣಕ್ಕೆ ಓಡುವ ರಸ್ತೆ, ಗಾಳಿ ಪಕ್ಕದಿಂದ ಹೊಡೆಯುತ್ತದೆ. ಲಾರಿ ಪಕ್ಕಕ್ಕೆ ಬಂದಾಗ ಒಂದು ಕ್ಷಣ ಗಾಳಿ ನಿಂತು, ಅದು ದಾಟಿದ ಕೂಡಲೇ ರಪ್ಪನೆ ಬಡಿಯುತ್ತದೆ. ಒಂದು ಕೈಯಲ್ಲಿ ಬಾಟಲಿ ಹಿಡಿದಿದ್ದರೆ ಕಥೆ ಮುಗಿಯಿತು.

ಪ್ರಶ್ನೆ: ತಿಂಗಳಲ್ಲಿ ನಾಲ್ಕು ಪಂಕ್ಚರ್. ದುಡ್ಡು ಕೊಟ್ಟು ತಂದ ಟೈರೇ ಸರಿ ಇಲ್ವಾ? (ಸೇಡಂ)

ಉತ್ತರ: ಟೈರನ್ನು ಬೈಯುವ ಮುಂಚೆ ರಸ್ತೆ ಬದಿಯ ಬಳ್ಳಾರಿ ಜಾಲಿ ನೋಡಿ. ಮತ್ತೆ ನೆಗ್ಗಿಲು ಮುಳ್ಳು, ತೊಗರಿ ಕೂಳೆ. ನೆರಳಿದೆ ಅಂತ ಜಾಲಿ ಕೆಳಗೆ ಸೈಕಲ್ ನಿಲ್ಲಿಸುತ್ತೀರಿ ಅಲ್ವಾ? ಅಲ್ಲೇ ತಪ್ಪಿದ್ದು.

ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಒಂದು ಬಟ್ಟೆ ತೂರಿಸಿ ಸುತ್ತಲೂ ಒರೆಸಿ, ಮುರಿದ ಮುಳ್ಳಿದ್ದರೆ ಬಟ್ಟೆಗೆ ಸಿಗುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಮುಂದಿನ ಊರಿನೊಳಗೆ ಮತ್ತೆ ಅದೇ ಗತಿ. ನಿಮ್ಮ ನಾಲ್ಕರಲ್ಲಿ ಎರಡಾದರೂ ಹೀಗೇ ಆಗಿರಬಹುದು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ನಮ್ಮ ಸಣ್ಣ ಟ್ಯೂಬ್ ಸಿಗೋದಿಲ್ಲ, ರೋಡ್ ಸೈಕಲ್ಲಿನ ಸಪೂರ ಪ್ರೆಸ್ಟಾ ವಾಲ್ವ್‌ಗೆ (ಟ್ಯೂಬಿಗೆ ಗಾಳಿ ತುಂಬುವ ಬಾಯಿ) ಅವರ ಪಂಪೂ ಹಿಡಿಯೋದಿಲ್ಲ. ಎರಡು ಟ್ಯೂಬ್, ಕೈಪಂಪು, ಹಿತ್ತಾಳೆಯ ಪುಟ್ಟ ಅಡಾಪ್ಟರ್ ಚೀಲದಲ್ಲಿರಲಿ. ಟೈರಿಗೆ ಜಾಗ ಇದ್ದರೆ 28 ಅಥವಾ 32 ಎಂ.ಎಂ. ಹಾಕಿಸಿ, ಕಲ್ಲಿನಂತೆ ಗಾಳಿ ತುಂಬಿಸಬೇಡಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾಶಿ ಮಾಡುವ ಕಾಲದಲ್ಲಿ ರೈತರು ತೆನೆಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಗಾಡಿಗಳೇ ತುಳಿದು ಕಾಳು ಬಿಡಿಸಲಿ ಅಂತ. ಕಾಳಿನ ಮೇಲೆ ಸಪೂರ ಟೈರ್ ಅಂದರೆ ಗೋಲಿ ಮೇಲೆ ನಡೆದಂತೆ. ಬ್ರೇಕ್ ಹಾಕಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ಹೋಗಿ, ಇಲ್ಲವೇ ಇಳಿದು ನಡೆಯಿರಿ. ಕಾವಲಿಗೆ ಇಟ್ಟ ಕಲ್ಲುಗಳು ರಾಶಿ ಮುಗಿದ ಮೇಲೂ ಅಲ್ಲೇ ಉಳಿದಿರುತ್ತವೆ. ಬೆಳಗಾಗುವ ಮುಂಚೆ ಅಂಥದ್ದೇ ಒಂದಕ್ಕೆ ಗುದ್ದಿ ನಾನು ಮುಂದಿನ ರಿಮ್ ಕಳೆದುಕೊಂಡೆ. ಈಗ ಲೈಟ್ ಇಲ್ಲದೆ ಹೊಸ್ತಿಲು ದಾಟೋದಿಲ್ಲ. ಅಫಜಲಪುರ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳ ಹಿಂದೆ ಎಷ್ಟೋ ಸಲ ಕೆಂಪು ದೀಪವೇ ಇರೋದಿಲ್ಲ, ನಿಮ್ಮ ಲೈಟೇ ಅವುಗಳನ್ನು ಕಾಣಿಸಬೇಕು.

ಪ್ರಶ್ನೆ: ನನಗೆ 44 ವರ್ಷ, ಗೃಹಿಣಿ. 200 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಮಾಡುವ ಆಸೆ. ಒಬ್ಬಳೇ ಅಭ್ಯಾಸ ಮಾಡಬಹುದೇ? ನಾಯಿಗಳದ್ದೇ ಭಯ. (ಬೀದರ್)

ಉತ್ತರ: ಖಂಡಿತ ಮಾಡಿ ಅಕ್ಕಾ. 200ಕ್ಕೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಸಾಕು. ಅದು ಓಟದ ಸ್ಪರ್ಧೆ ಅಲ್ಲ, ಕುಳಿತಿರುವ ತಾಳ್ಮೆ.

ನಿಮ್ಮದು ಎತ್ತರದ ಊರು, ಸುಮಾರು 700 ಮೀಟರ್. ಕಲಬುರಗಿ 450ರ ಆಸುಪಾಸು. ಹುಮನಾಬಾದ್, ಕಮಲಾಪುರದ ಮೇಲೆ ಇಲ್ಲಿಗೆ ಬಂದರೆ 110 ಕಿ.ಮೀ. ಆಗುತ್ತದೆ, ಒಟ್ಟಾರೆ ಇಳಿತವೇ ಜಾಸ್ತಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಿನ್ನದೆ ಮುಂದೆ ಹೋಗಬೇಡಿ. ಮೊದಲ ದೊಡ್ಡ ಸವಾರಿಗೆ ಇದು ಚೆನ್ನಾಗಿದೆ, ವಾಪಸ್ ರೈಲಿದೆ, ಸೈಕಲ್ ಬುಕ್ ಮಾಡಿಸುವುದನ್ನು ಮೊದಲೇ ವಿಚಾರಿಸಿಕೊಳ್ಳಿ. ಆದರೆ ಒಬ್ಬರೇ ಅಂದರೆ ಬೆಳಕು ಹರಿದ ಮೇಲೆ ಹೊರಡಿ, ಮನೆಯವರಿಗೆ ಫೋನಿನಲ್ಲಿ ಲೊಕೇಶನ್ ಹಾಕಿಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದುಬಿಡಿ. ಸೈಕಲ್ ನಿಮಗೂ ಅದಕ್ಕೂ ನಡುವೆ ಇರಲಿ, ಒಂದು ಸಲ ಜೋರಾಗಿ ಗದರಿಸಿ. ಓಡುವ ಚಕ್ರದ ಮೇಲೆ ಅದಕ್ಕೆ ಸಿಟ್ಟು, ನಿಂತ ಮನುಷ್ಯರ ಮೇಲೆ ಅಷ್ಟಿಲ್ಲ. ಕುರಿ ಹಿಂಡಿನ ಜೊತೆಗಿರುವ ನಾಯಿ ಬೇರೆ ಜಾತಿ. ಅಲ್ಲಿ ಕುರುಬಣ್ಣನನ್ನು ಕೂಗಿ, ಅವನು ಕರೆದರೆ ತಿರುಗಿ ಹೋಗುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲೂ ಓಡಿಸಬಹುದಾ? (ಯಾದಗಿರಿ)

ಉತ್ತರ: ಬೆಳಿಗ್ಗೆ ಎಂಟರೊಳಗೆ ಮನೆಯಲ್ಲಿರಿ. 42 ಡಿಗ್ರಿಯಲ್ಲಿ ಶೌರ್ಯ ತೋರಿಸೋದು ಬೇಡ. ಶಹಾಪುರ, ಸುರಪುರ ಕಡೆ ಕೃಷ್ಣಾ ಕಾಲುವೆಯ ನೀರಿದೆ, ಭತ್ತದ ಗದ್ದೆಗಳಿವೆ, ಬೋನಾಳ ಕೆರೆಯ ಹಕ್ಕಿಗಳಿವೆ. ಅವನ್ನೆಲ್ಲ ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಪ್ರಶ್ನೆ: ದಾರಿಯಲ್ಲಿ ತಿನ್ನಲು ಎನರ್ಜಿ ಜೆಲ್ ತರಿಸಲೇ? (ಕಲಬುರಗಿ)

ಉತ್ತರ: ಸುಮ್ನೆ ದುಡ್ಡು ದಂಡ. ಎರಡು ಶೇಂಗಾ ಹೋಳಿಗೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಬಾಟಲಿಗೆ ನಿಂಬೆ, ಉಪ್ಪು, ಸಕ್ಕರೆ. ನಡುವೆ ಸುಸಲಾ ಸಿಕ್ಕರೆ ತಿನ್ನಿ, ಮಿರ್ಚಿ ಭಜಿ ಮಾತ್ರ ವಾಪಸ್ ಊರಿಗೆ ಬಂದ ಮೇಲೆ. ಎಳ್ಳಮಾವಾಸ್ಯೆ ದಿನ ಹೊರಟರೆ ಇದ್ಯಾವುದೂ ಬೇಡ, ಖಾಲಿ ಹೊಟ್ಟೆಯಲ್ಲಿ ಹೋಗಿ. ಹೊಲಹೊಲದಲ್ಲೂ ಚರಗ ಚೆಲ್ಲಿ ಊಟಕ್ಕೆ ಕುಳಿತಿರುತ್ತಾರೆ, ಹೆಲ್ಮೆಟ್ ಕಂಡರೆ ಸಾಕು ಕೈಮಾಡಿ ಕರೆಯುತ್ತಾರೆ. ಹೋದ ಸಲ ನಾನು ಮೂರು ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಂಡು, ನಾಲ್ಕನೆಯದರಲ್ಲಿ ಬೇವಿನ ಮರದ ಕೆಳಗೆ ನಿದ್ದೆ ಹೊಡೆದು, ಹತ್ತು ಗಂಟೆಗೆ ಮನೆ ಸೇರಬೇಕಾದವನು ಸಂಜೆ ಐದಕ್ಕೆ ಸೇರಿದೆ.