‘ಸಿಟ್ಟಿನಲ್ಲಿ ಆಗಿಹೋಯ್ತು’ ಅಂದರೆ ಕೋರ್ಟು ಕೇಳುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ಅಕ್ಷರ ಬೇರೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಜಾಗವೂ ಅದಕ್ಕೇ ಜಾಸ್ತಿ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹೆಂಡತಿಗೆ ಬೇರೆಯವನ ಜೊತೆ ಸಂಬಂಧ ಇರುವುದು ಗೊತ್ತಾಗಿದೆ. ಇಬ್ಬರೂ ಕಣ್ಣೆದುರು ಸಿಕ್ಕಿಬಿದ್ದಾಗ ಸಿಟ್ಟಿನಲ್ಲಿ ಏನಾದರೂ ಆಗಿಹೋದರೆ ಅದು ಕೊಲೆ ಅಲ್ಲವಂತೆ. ನಿಜವೇ? (ಹೆಸರು ಬೇಡ, ದಾವಣಗೆರೆ)

ಉತ್ತರ: ಯಾರು ಸ್ವಾಮಿ ನಿಮಗೆ ಹೇಳಿದ್ದು? ಅರಳಿಕಟ್ಟೆ ವಕೀಲರೇ ಇರಬೇಕು. ಅಂಥದ್ದೊಂದು ವಿನಾಯಿತಿ ಇರುವುದು ಹೌದು. ಮೊದಲು ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯ 300ನೇ ಸೆಕ್ಷನ್‌ನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 101ರಲ್ಲಿದೆ. ಕೆರಳಿಕೆ ಗಂಭೀರವೂ ಆಗಿರಬೇಕು, ಹಠಾತ್ ಕೂಡ ಆಗಿರಬೇಕು. ಜನ ಮೊದಲಿನದನ್ನು ಹಿಡಿದುಕೊಂಡು ಎರಡನೆಯದನ್ನು ಬಿಡುತ್ತಾರೆ. ನಿಮಗೆ ವಿಷಯ ಆಗಲೇ ಗೊತ್ತು. ಕೂತು ಯೋಚಿಸಿ ನನಗೆ ಪತ್ರವನ್ನೂ ಬರೆದಿದ್ದೀರಿ. ಇನ್ನು ‘ಹಠಾತ್’ ಎಲ್ಲಿ ಉಳಿಯಿತು?

1959ರ ಏಪ್ರಿಲ್ 27ರಂದು ಮುಂಬೈಯಲ್ಲಿ ನಡೆದದ್ದು ಕೇಳಿ. ನೌಕಾಪಡೆಯ ಕಮಾಂಡರ್ ನಾನಾವತಿಗೆ ಹೆಂಡತಿಯೇ ತನ್ನ ಸಂಬಂಧದ ವಿಷಯ ಹೇಳಿದಳು. ಆತ ಹೆಂಡತಿ ಮಕ್ಕಳನ್ನು ಸಿನಿಮಾಗೆ ಬಿಟ್ಟ. ಅಲ್ಲಿಂದ ತನ್ನ ಹಡಗಿಗೆ ಹೋದ. ಹಡಗಿನ ಹೆಸರು ಐಎನ್ಎಸ್ ಮೈಸೂರು, ನೋಡಿ! ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಅಂತ ನೆಪ ಹೇಳಿ ರಿವಾಲ್ವರ್, 6 ಗುಂಡು ತೆಗೆದುಕೊಂಡ. ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನ ಆಫೀಸಿಗೆ ಹೋದ, ಆತ ಇರಲಿಲ್ಲ. ಮನೆಗೆ ಹೋಗಿ ಗುಂಡು ಹಾರಿಸಿದ. ಆಗ ಅಪರಾಧಿಯೋ ಅಲ್ಲವೋ ಅಂತ ಹೇಳಲು ಸಾಮಾನ್ಯ ಜನರ ಜ್ಯೂರಿ ಇರುತ್ತಿತ್ತು. ಅದರಲ್ಲಿ ಎಂಟು ಜನ ನಿರಪರಾಧಿ ಅಂದರು, ಒಬ್ಬರು ಅಲ್ಲ ಅಂದರು. ಊರೆಲ್ಲ ಚಪ್ಪಾಳೆ. ಹೈಕೋರ್ಟು ಅದನ್ನು ಒಪ್ಪದೆ ಜೀವಾವಧಿ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವನು ಗುಂಡು ಹಾರಿಸಿದ್ದು 4 ಗಂಟೆ 20 ನಿಮಿಷಕ್ಕೆ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕು ಅಂದಿತು. ಆಮೇಲೆ ರಾಜ್ಯಪಾಲರು ಕ್ಷಮಾದಾನ ಕೊಟ್ಟರು ಅಂತ ನೀವು ವಾದಿಸಬಹುದು. ಕೊಟ್ಟರು. ನಿಮಗೆ ಆ ರಾಜ್ಯಪಾಲರು ಸಿಗುವುದಿಲ್ಲ.

ನನ್ನ ಕಕ್ಷಿದಾರ ಒಬ್ಬ ಇದ್ದ. ಕಣ್ಣಿಗೆ ಕತ್ತಲೆ ಕವಿದಿತ್ತು ಸಾರ್, ಏನೂ ನೆನಪಿಲ್ಲ ಅನ್ನುತ್ತಿದ್ದ. ಎಳನೀರು ಕೊಚ್ಚುವ ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೊರಟವನು ದಾರಿಯಲ್ಲಿ ಬಂಕ್‌ನಲ್ಲಿ ನಿಲ್ಲಿಸಿ ನೂರು ರೂಪಾಯಿ ಪೆಟ್ರೋಲ್ ಹಾಕಿಸಿದ್ದ. ಚಿಲ್ಲರೆ ಎಣಿಸಿ ಜೇಬಿಗೆ ಹಾಕಿಕೊಂಡದ್ದು ಸಿಸಿ ಕ್ಯಾಮೆರಾದಲ್ಲಿ ಸ್ಪಷ್ಟವಾಗಿತ್ತು. ನಾನು ಎರಡು ದಿನ ವಾದ ಮಾಡಿದೆ. ಜಡ್ಜ್ ಆ ಚಿಲ್ಲರೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿದರು. ಜೀವಾವಧಿ ಆಯಿತು. ಹಾಂ, ವಿನಾಯಿತಿ ಸಿಕ್ಕಿದರೂ ಬಿಡುಗಡೆ ಅಂದುಕೊಳ್ಳಬೇಡಿ. ಆಗ ಅನ್ವಯಿಸುವ, ಅದೇ ನ್ಯಾಯ ಸಂಹಿತೆಯ 105ನೇ ಸೆಕ್ಷನ್‌ನಲ್ಲಿ ಕೊಲ್ಲುವ ಉದ್ದೇಶ ಇತ್ತು ಅಂತಾದರೆ ಈಗ ಕನಿಷ್ಠವೇ 5 ವರ್ಷ.

ನೀವು ಮಾಡಬೇಕಾದ್ದು ಇಷ್ಟು. ಇವತ್ತು ರಾತ್ರಿ ಅಣ್ಣನ ಮನೆಗೋ ಸ್ನೇಹಿತನ ಮನೆಗೋ ಹೋಗಿ ಮಲಗಿ. ಮನೆಯಲ್ಲಿ ಮಚ್ಚು, ಕೊಡಲಿ ಏನಿದ್ದರೂ ಬೇರೆಯವರ ಮನೆಗೆ ಸಾಗಿಸಿ, ಕೋವಿ ಇದ್ದರೆ ಠಾಣೆಗೆ ಒಪ್ಪಿಸಿ. ಕುಡಿಯಬೇಡಿ. ‘ಮಾತಾಡಿ ಮುಗಿಸೋಣ’ ಅಂತ ನಾಲ್ಕು ಜನ ಕಟ್ಟಿಕೊಂಡು ಅವನ ಮನೆಗಂತೂ ಹೋಗಲೇಬೇಡಿ. ನಾನು ನಡೆಸಿದ ಎಷ್ಟೋ ಕೊಲೆ ಕೇಸುಗಳು ಶುರುವಾದದ್ದು ಇಂಥ ಪಂಚಾಯಿತಿಯಲ್ಲೇ. ಹಿಂದೂ ವಿವಾಹ ಕಾಯ್ದೆಯ 13ರಲ್ಲಿ ಇದೇ ಕಾರಣಕ್ಕೆ ವಿಚ್ಛೇದನ ಕೇಳಬಹುದು. ಅವಮಾನ ಅಂತೀರಾ? ಆಗಲಿ. ಫ್ಯಾಮಿಲಿ ಕೋರ್ಟಿನ ಕಾರಿಡಾರಿನಲ್ಲಿ ನಿಮ್ಮಂಥವರು ಬೆಂಚು ತುಂಬ ಕೂತಿರುತ್ತಾರೆ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಪ್ರಶ್ನೆ: ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನನ್ನು ಜೈಲಿಗೆ ಹಾಕಿಸಬಹುದಾ? (ತುಮಕೂರು)

ಉತ್ತರ: ಇಲ್ಲ, ವ್ಯಭಿಚಾರಕ್ಕೆ ಶಿಕ್ಷೆ ಹೇಳುತ್ತಿದ್ದ ಐಪಿಸಿಯ 497ನೇ ಸೆಕ್ಷನ್ ಸುಪ್ರೀಂ ಕೋರ್ಟಿನ ತೀರ್ಪಿನಿಂದ 2018ರ ಸೆಪ್ಟೆಂಬರ್ 27ಕ್ಕೇ ಹೋಯಿತು.

ಪ್ರಶ್ನೆ: ನನ್ನ ಯಜಮಾನರಿಗೆ ಆ ಹೆಂಗಸು ಮದ್ದು ಹಾಕಿದ್ದಾಳೆ. ತೆಗೆಸಿದರೆ ಸರಿಹೋಗುತ್ತಾರಂತೆ. (ಚನ್ನಪಟ್ಟಣ)

ಉತ್ತರ: ಅಮ್ಮಾ, ಯಾರೂ ಯಾವ ಮದ್ದೂ ಹಾಕಿಲ್ಲ. ನಿಮ್ಮ ಯಜಮಾನರು ತಿಳಿದೇ ಹೋಗಿದ್ದಾರೆ. ಮದ್ದು ತೆಗೆಯುತ್ತೇನೆ ಅನ್ನುವವನು ವಾಂತಿ ಮಾಡಿಸಿ ದುಡ್ಡು ಕೀಳುತ್ತಾನೆ. ಆಮೇಲೆ ‘ಗೊತ್ತಾಗದ ಹಾಗೆ ಸಾರಿಗೆ ಹಾಕಿ’ ಅಂತ ಒಂದು ಪುಡಿ ಕೊಡುತ್ತಾನೆ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಾ? ನಾಳೆ ಅವರಿಗೆ ಏನಾದರೂ ಆದರೆ ಆ ಸಾರು ಮಾಡಿದವರು ನೀವು. ಕೊಟ್ಟವನು ಊರು ಬಿಟ್ಟಿರುತ್ತಾನೆ. ಪುಡಿ ಈಗಾಗಲೇ ತಂದಿದ್ದರೆ ಅಡುಗೆಮನೆಯಿಂದ ಇವತ್ತೇ ಆಚೆ ಹಾಕಿ.

ಪ್ರಶ್ನೆ: ಅಣ್ಣನ ಕೊಲೆ ಕೇಸಿನಲ್ಲಿ ಅತ್ತಿಗೆಯೇ ಆರೋಪಿ. ಅವನ ಸೈಟು ಅವಳಿಗೇ ಹೋಗುತ್ತಾ? (ಮಂಡ್ಯ)

ಉತ್ತರ: ಕೊಲೆ ಸಾಬೀತಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಹೋಗುವುದಿಲ್ಲ, ಆರೋಪ ಮಾತ್ರ ಇದ್ದರೆ ಸಾಲದು.

ಪ್ರಶ್ನೆ: ನನ್ನದು ತಪ್ಪಾಗಿದೆ. ಬಿಟ್ಟುಬಿಡೋಣ ಅಂದರೆ ಅವನು ‘ನಿನ್ನ ಗಂಡನನ್ನೇ ಮುಗಿಸುತ್ತೇನೆ’ ಅಂತ ಮೆಸೇಜ್ ಮಾಡುತ್ತಾನೆ. ಸುಮ್ನೆ ಹೆದರಿಸ್ತಾನೆ ಅಲ್ವಾ? (ಹಾಸನ)

ಉತ್ತರ: ಸುಮ್ನೆ ಅಂದುಕೊಳ್ಳಬೇಡಿ. ಬಿಟ್ಟು ಹೋಗುತ್ತೇನೆ ಅಂದ ಹೊತ್ತೇ ಅಪಾಯದ ಹೊತ್ತು. ಒಂದೂ ಮೆಸೇಜ್ ಅಳಿಸಬೇಡಿ. ‘ನೋಡೋಣ’, ‘ಸರಿ’ ಅಂತ ಉತ್ತರ ಬರೆಯಬೇಡಿ, ನಾಳೆ ಅದನ್ನೇ ಒಪ್ಪಿಗೆ ಅಂತ ಓದುತ್ತಾರೆ. ನ್ಯಾಯ ಸಂಹಿತೆಯಲ್ಲಿ ಒಳಸಂಚಿನ 61ನೇ ಸೆಕ್ಷನ್ ನಿಮ್ಮ ಮೇಲೂ ಬರುತ್ತದೆ. ಕೊನೆಯ ಸಲ ಭೇಟಿ ಆಗೋಣ ಅಂದರೆ ಹೋಗಬೇಡಿ. ಠಾಣೆಯಲ್ಲಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅರ್ಜೆಂಟ್ ಆದರೆ 112, ಹೆಂಗಸರ ಸಹಾಯವಾಣಿ 181. ಯಜಮಾನರಿಗೂ ಹೇಳಲೇಬೇಕು, ಜೀವ ಅವರದು. ಒಬ್ಬರೇ ಇದ್ದಾಗ ಬೇಡ, ನಂಬಿಕೆಯ ಹಿರಿಯರು ಪಕ್ಕದಲ್ಲಿರಲಿ. ನಿಮಗೆ ಅಂಕಣ ಬರುವವರೆಗೆ ಕಾಯಿಸಿಲ್ಲ. ಪತ್ರ ಬಂದ ದಿನವೇ ಮೇಲ್ ಮಾಡಿದ್ದೇನೆ. ಇನ್ನೂ ಓದಿಲ್ಲವಾದರೆ ಮೊದಲು ಅದನ್ನು ಓದಿ.