ರೊಟ್ಟಿ ಕೈಯಲ್ಲಿ ಹಿಡಿದೇ ಓಡಿದ ಅಣ್ಣ

ಪ್ರಶ್ನೆ: ನಮ್ಮಣ್ಣ 2018ರಲ್ಲಿ ಮುಂಬೈಗೆ ಗುಳೆ ಹೋಗಿದ್ದ. ಘಾಟ್‌ಕೋಪರ್‌ನಲ್ಲಿ ಅವನ ಸೆಂಟ್ರಿಂಗ್ ಕೆಲಸದ ಹತ್ತಿರವೇ ಸಣ್ಣ ವಿಮಾನ ಬಿತ್ತು, ರೊಟ್ಟಿ ಕೈಯಲ್ಲಿ ಹಿಡಿದೇ ಓಡಿದನಂತೆ. ಈಗ ಊರಲ್ಲೇ ಇದ್ದಾನೆ. ಜೂನ್ ಬಂದರೆ ಮಕ್ಕಳ ಮುಂದೆಯೂ ಅದೇ ಮಾತು. ಅವ್ವ "ಸಾಕ್ ಬಿಡಪಾ" ಅಂತ ಬೈತಾಳೆ. ಊಟದ ಹೊತ್ತಾಗಿದ್ದಕ್ಕೇ ಕೂಲಿಯವರು ಉಳಿದರು ಅಂತಾನೆ, ನಿಜವಾ? ಅವನನ್ನು ಸುಮ್ಮನಿರಿಸಬೇಕಾ?
— ಹೆಸರು ಬೇಡ, ಸಿಂಧನೂರು

ಉತ್ತರ: ಊಟದ ಮಾತು ನಿಜ ತಂಗಿ. ಅಂದು ಜೂನ್ 28, ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ರಿಪೇರಿ ಮುಗಿದ ಮೇಲೆ ಪರೀಕ್ಷೆಗೆ ಅಂತ ಜುಹುವಿನಿಂದ ಹಾರಿದ್ದ ಕಿಂಗ್ ಏರ್ ಸಿ-90 ವಿಮಾನ, ಸುತ್ತ ಮನೆಗಳಿರುವ ಕಡೆ, ಇನ್ನೂ ಕಟ್ಟುತ್ತಿದ್ದ ಕಟ್ಟಡದ ಜಾಗದಲ್ಲಿ ಬಿತ್ತು. ಕೂಲಿಯವರು ಊಟಕ್ಕೆ ಹೋಗಿದ್ದರು. ಒಳಗಿದ್ದ ನಾಲ್ವರೂ ಸತ್ತರು, ಜೊತೆಗೆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು. ಟಿವಿಯವರು ಮಾತ್ರ ಆ ವಿಮಾನ ಮೊದಲು ಉತ್ತರ ಪ್ರದೇಶ ಸರ್ಕಾರದ್ದಾಗಿತ್ತು ಅನ್ನೋದನ್ನೇ ದಿನವಿಡೀ ಎಳೆದರು.

ಎಲ್ಲರ ಅದೃಷ್ಟವೂ ಹಾಗಿರಲ್ಲ. 2011ರ ಮೇ 25ರ ರಾತ್ರಿ ಪಟ್ನಾದಿಂದ ದೆಹಲಿಗೆ ರೋಗಿಯನ್ನು ತರುತ್ತಿದ್ದ ಸಣ್ಣ ವಿಮಾನ ಫರೀದಾಬಾದ್‌ನಲ್ಲಿ ಮನೆ ಮೇಲೆ ಬಿತ್ತು. ವಿಮಾನದಲ್ಲಿದ್ದ 7 ಜನ, ಕೆಳಗಿದ್ದ 3 ಜನ ಹೋದರು. ಮನೆಯಲ್ಲಿರೋ ಹೊತ್ತು ಅದು, ಅಲ್ವಾ.

ಇಂಥದ್ದು ಆದಾಗ ತನಿಖೆ ನಡೆಯುತ್ತೆ, ಇಂಜಿನ್ ಏನಾಯ್ತು, ಪೈಲಟ್ ಏನು ಮಾಡಿದರು ಅಂತ ವರದಿ ಬರುತ್ತೆ. ಆ ಬೀದಿಯಲ್ಲಿ ಯಾರು ಹೇಗೆ ಓಡಿದರು, ಯಾರು ಯಾರನ್ನು ಎಳೆದುಕೊಂಡರು ಅನ್ನೋದು ಅದರಲ್ಲಿ ಎಲ್ಲಿರುತ್ತೆ? ಅದು ಇರೋದು ನಿಮ್ಮಣ್ಣನಂಥವರ ಬಾಯಲ್ಲಿ. ಗುಳೆ ಹೋದವರನ್ನಂತೂ ಯಾರೂ ಕೇಳೋದೇ ಇಲ್ಲ. ಸುಮ್ಮನಿರಿಸಬೇಡಿ. ಮಕ್ಕಳು ಮಲಗೋ ಹೊತ್ತಿಗೆ ಬೇಡ ಅಂತ ಮಾತ್ರ ಹೇಳಿ, ಉಳಿದಂತೆ ನೀವೇ ಸಣ್ಣಸಣ್ಣದನ್ನು ಕೇಳಿ: ಜೊತೆಯಲ್ಲಿ ಯಾರಿದ್ದರು, ಸಂಜೆ ಎಲ್ಲಿ ಮಲಗಿದರು, ಮರುದಿನ ಕೂಲಿ ಸಿಕ್ಕಿತಾ.

ಆದರೆ ಒಂದು ನೋಡಿಕೊಳ್ಳಿ. ರಾತ್ರಿ ನಿದ್ದೆ ಬರಲ್ಲ, ಮೇಲೆ ಸದ್ದಾದರೆ ಬೆಚ್ಚಿ ಬೀಳ್ತಾನೆ ಅಂದ್ರೆ ಅದು ಬರೀ ನೆನಪಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಹಾಗೇನೂ ಇಲ್ಲದಿದ್ದರೆ ಈ ಸಲ ಜೂನ್‌ನಲ್ಲಿ ಅವನ ಮಾತನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ. ಅವ್ವ ನಡುವೆ ಬೈದರೂ ಅದೂ ಇರಲಿ, ಅಳಿಸಬೇಡಿ.